ಮನೆಯಲ್ಲಿ ಮುದಿ ಬೆಕ್ಕಿನ ಆರೈಕೆ

ನಮ್ಮ ಸೀಮೆಯ ಮನೆಗಳಲ್ಲಿ ಬೆಕ್ಕನ್ನು ಸಾಕುವದು ಬಹುಮಟ್ಟಿಗೆ ಇಲಿಗಳ ನಿಮಿತ್ತವಾಗಿಯೇ. ಅಟ್ಟ, ಉಗ್ರಾಣ, ಅಡಿಗೆಮನೆ ಇವುಗಳನ್ನು ಕಾಯುವ ಕೆಲಸವು ಅದಕ್ಕೆ ಸೇರಿದ್ದು. ಕೂಲಿಯಾಗಿ ಒಂದು ಹಿಡಿ ಹಾಲನ್ನ, ಒಲೆಯ ಮಗ್ಗುಲಲ್ಲಿ ಮಲಗುವ ಹಕ್ಕು. ಬೆಕ್ಕು ಹಾರಿ ಹಿಡಿಯಬಲ್ಲ ದಿನಗಳಲ್ಲಿ ಈ ಒಪ್ಪಂದವು ಚೆನ್ನಾಗಿ ನಡೆಯುತ್ತದೆ. ಅದು ಮುದಿಯಾಗಿ, ಇಲಿಯು ಎದುರಿನಲ್ಲೇ ಹಾದುಹೋದರೂ ಏಳದೆ, ಹಾಸಿಗೆಯ ಮೂಲೆಯನ್ನು ಒದ್ದೆಮಾಡತೊಡಗಿದಾಗ ಮನೆಯವರ ಮುಖವು ಬೇರೆಯಾಗುತ್ತದೆ. ಗೋಣಿಚೀಲದಲ್ಲಿ ಹಾಕಿಕೊಂಡುಹೋಗಿ ಮೀನುಪೇಟೆಯ ಬಳಿಯಲ್ಲಿಯೋ ಹೊಳೆಯ ಆಚೆಯಲ್ಲಿಯೋ ಬಿಟ್ಟುಬರುವವರು ಇದ್ದಾರೆ. ಅವರೆಲ್ಲರೂ ಕಠಿನಹೃದಯರೆಂದು ನಾನು ಹೇಳುವದಿಲ್ಲ. ಅಲ್ಲಿ ಮೀನಿನ ತಲೆಯಾದರೂ ಸಿಕ್ಕೀತೆಂದು ಕೆಲವರು ನಿಜವಾಗಿಯೇ ನಂಬುತ್ತಾರೆ. ಆದರೆ ಹಲ್ಲು ಬಿದ್ದ, ಕಿವಿ ಮಂದವಾದ ಪ್ರಾಣಿಯು ಅರಿಯದ ಬೀದಿಯ ನಾಯಿಗಳ ನಡುವೆ ಒಂದು ವಾರ ಬದುಕುವದೂ ಸಂದೇಹವೇ. ಹೀಗೆ ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಗಳಿಗೆ ಗುರಿಮಾಡಿ ತಕ್ಕ ಕಾರಣವಿಲ್ಲದೆ ತೊರೆದುಬಿಡುವದು ೧೯೬೦ರ ಪ್ರಾಣಿಹಿಂಸೆ ತಡೆಗಟ್ಟುವ ಕಾಯಿದೆಯ ಪ್ರಕಾರ ಅಪರಾಧವಾಗಿದೆ ಎಂಬದನ್ನು ಅನೇಕರು ಅರಿಯರು.

ನಮ್ಮ ಶಾಲೆಯ ಬಾಲಿಕೆಯರಲ್ಲಿ ಹಲವರ ಮನೆಗಳಲ್ಲಿ ಬೆಕ್ಕು ಉಂಟು. ಅದರ ದಿನಚರ್ಯೆಯನ್ನು ತಂದೆತಾಯಿಗಳಿಗಿಂತ ಚೆನ್ನಾಗಿ ಬಲ್ಲವರು ಅವರೇ. ಆದಕಾರಣ ಈ ಪಾಠವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಮಾತು. ಮನೆಯೊಳಗೇ ಇದ್ದು ಒಳ್ಳೆಯ ಆಹಾರವನ್ನು ಪಡೆಯುವ ಬೆಕ್ಕು ಹನ್ನೆರಡರಿಂದ ಹದಿನೆಂಟು ವರುಷಗಳ ತನಕ ಬದುಕುವದು ಅಪರೂಪವಲ್ಲ. ಅಮೇರಿಕ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿ ೧೯೬೭ರಲ್ಲಿ ಹುಟ್ಟಿದ ಕ್ರೀಮ್ ಪಫ್ ಎಂಬ ಹೆಣ್ಣುಬೆಕ್ಕು ೨೦೦೫ರ ವರೆಗೆ, ಅಂದರೆ ಮೂವತ್ತೆಂಟು ವರುಷ ಮೂರು ದಿನ, ಬದುಕಿ ಲೋಕಪ್ರಸಿದ್ಧವಾಯಿತು. ಅದು ವಿಶೇಷ ಸಂಗತಿ. ಸಾಮಾನ್ಯವಾಗಿ ಏಳು ವರುಷ ಕಳೆದ ಬೆಕ್ಕನ್ನು ಪ್ರೌಢವೆಂದೂ ಹತ್ತು ದಾಟಿದ್ದನ್ನು ವೃದ್ಧವೆಂದೂ ಪಶುವೈದ್ಯರು ಎಣಿಸುತ್ತಾರೆ. ಹಾಗಾದರೆ ಮೂರನೆಯ ತರಗತಿಯಲ್ಲಿದ್ದಾಗ ನೀವು ಮಡಿಲಲ್ಲಿ ಹೊತ್ತುತಂದ ಮರಿಯು ನೀವು ಕಾಲೇಜು ಮುಗಿಸುವ ಹೊತ್ತಿಗೆ ಮುದುಕಿಯಾಗಿರುವದು.

ಇನ್ನು ಈ ಪಾಠದ ಮುಖ್ಯ ವಿಷಯಕ್ಕೆ ಬರುವೆನು. ಮುಪ್ಪು ಬೇರೆ, ರೋಗ ಬೇರೆ. “ಮುದಿಯಾಯಿತು, ಇನ್ನೇನು?” ಎಂಬ ಒಂದು ಮಾತಿನಿಂದ ನಾವು ಎಷ್ಟೋ ರೋಗಗಳನ್ನು ಮುಚ್ಚಿಹಾಕುತ್ತೇವೆ. ಬಡಕಲಾಗುವದು, ಮೈ ನೆಕ್ಕಿಕೊಳ್ಳದಿರುವದು, ಹಾರದಿರುವದು, ಎಲ್ಲೆಂದರಲ್ಲಿ ಗಲೀಜು ಮಾಡುವದು, ರಾತ್ರಿ ಕೂಗುವದು, ಇವು ಪ್ರಾಯದ ಲಕ್ಷಣಗಳೆಂದು ತೋರಿದರೂ ಇವುಗಳ ಹಿಂದೆ ಬಹುತರವಾಗಿ ಹೆಸರುಳ್ಳ ಒಂದು ರೋಗವಿರುತ್ತದೆ. ಅವುಗಳಲ್ಲಿ ಹಲವಕ್ಕೆ ಮದ್ದುಂಟು, ಮಿಕ್ಕವುಗಳಿಗೆ ಶಮನವುಂಟು.

ಆದರೆ ಬೆಕ್ಕು ತನ್ನ ನೋವನ್ನು ತಾನಾಗಿ ತಿಳಿಸುವದಿಲ್ಲ. ನಾಯಿಯು ಕಾಲಿಗೆ ಮುಳ್ಳು ಚುಚ್ಚಿದರೆ ಮೂರು ಕಾಲಿನಲ್ಲಿ ಕುಂಟುತ್ತಾ ಬಂದು ನಿಮ್ಮೆದುರು ನಿಲ್ಲುವದು. ಬೆಕ್ಕಾದರೋ ಮಂಚದ ಕೆಳಗೆ ಹೋಗಿ ಮಲಗುವದು. ಇದಕ್ಕೆ ಕಾರಣವು ಅದರ ವಂಶದಲ್ಲಿದೆ. ನಮ್ಮ ಮನೆಬೆಕ್ಕುಗಳೆಲ್ಲವೂ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಗಳ ಒಣಭೂಮಿಯ ಕಾಡುಬೆಕ್ಕಿನ ಸಂತತಿಯೆಂದು ತೋರಿಸಿದ ಆನುವಂಶಿಕ ಸಂಶೋಧನೆಯು ೨೦೦೭ರಲ್ಲಿ ಪ್ರಕಟವಾಯಿತು. ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವದು. ತನಗಿಂತ ದೊಡ್ಡ ಮೃಗಗಳಿಗೆ ತಾನೂ ಆಹಾರವೇ. ಬಲಹೀನತೆಯನ್ನು ತೋರಿಸಿದರೆ ಪ್ರಾಣಕ್ಕೆ ಅಪಾಯ. ಆ ಅಭ್ಯಾಸವು ನಮ್ಮ ಅಡಿಗೆಮನೆಯ ಬೆಕ್ಕನ್ನೂ ಬಿಟ್ಟಿಲ್ಲ. ಆದಕಾರಣ ಮುದಿ ಬೆಕ್ಕಿನ ಆರೈಕೆಯಲ್ಲಿ ಮದ್ದಿಗಿಂತ ಮೊದಲು ಬೇಕಾದದ್ದು ಕಣ್ಣು.

ನೀರನ್ನೇ ನೋಡಿರಿ. ಮರುಭೂಮಿಯ ಪ್ರಾಣಿಯಾದುದರಿಂದ ಬೆಕ್ಕಿಗೆ ದಾಹ ಕಡಿಮೆ. ತಿಂದ ಇಲಿ ಹಕ್ಕಿಗಳ ಮೈಯೊಳಗಿನ ನೀರೇ ಅದಕ್ಕೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ಅದರ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಂಡು ಮೂತ್ರವನ್ನು ಬಹಳ ಗಟ್ಟಿಯಾಗಿ ಹೊರಡಿಸುತ್ತವೆ. ಹೀಗಿರಲಾಗಿ, ಎಂದೂ ನೀರಿನ ಬಟ್ಟಲನ್ನು ಮೂಸದ ಬೆಕ್ಕು ಬಚ್ಚಲಿನ ನೀರನ್ನೂ ಹೂಕುಂಡದ ತಟ್ಟೆಯ ನೀರನ್ನೂ ಹುಡುಕಿ ಕುಡಿಯತೊಡಗಿದರೆ ಅದನ್ನು ಶುಭವೆಂದು ತಿಳಿಯಬಾರದು. ಮೂತ್ರಪಿಂಡಗಳ ಮೂರರಲ್ಲಿ ಎರಡು ಪಾಲು ಶಕ್ತಿಯು ನಷ್ಟವಾದ ಮೇಲೆಯೇ ಮೂತ್ರವು ತೆಳ್ಳಗಾಗುತ್ತದೆ. ವಾಡಿಕೆಯ ರಕ್ತಪರೀಕ್ಷೆಯಲ್ಲಿ ದೋಷವು ಕಾಣಿಸುವದು ಸುಮಾರು ಮುಕ್ಕಾಲು ಪಾಲು ಹೋದ ಬಳಿಕ. ಹತ್ತು ವರುಷ ದಾಟಿದ ಬೆಕ್ಕುಗಳಲ್ಲಿ ಮೂರರಲ್ಲಿ ಒಂದಕ್ಕೆ ಈ ರೋಗವು ಇರುವದೆಂದು ವೈದ್ಯರ ಅಂದಾಜು. ಹೋದ ಮೂತ್ರಪಿಂಡವು ತಿರುಗಿ ಬರಲಾರದು. ಆದರೆ ರಂಜಕವು ಕಡಮೆಯಿರುವ ಪಥ್ಯಾಹಾರ, ಧಾರಾಳವಾದ ನೀರು, ರಕ್ತದೊತ್ತಡದ ಹತೋಟಿ ಇವುಗಳಿಂದ ಹಲವು ಬೆಕ್ಕುಗಳು ಇನ್ನೂ ಕೆಲವು ವರುಷ ಸುಖವಾಗಿಯೇ ಇರುತ್ತವೆ. ಅಗತ್ಯವಾದರೆ ಚರ್ಮದ ಕೆಳಗೆ ಲವಣದ್ರವವನ್ನು ಏರಿಸುವದನ್ನು ವೈದ್ಯರು ಮನೆಯವರಿಗೇ ಕಲಿಸಿಕೊಡುತ್ತಾರೆ. ಅದು ಹೊಲಿಗೆಯನ್ನು ಕಲಿತ ಹುಡುಗಿಗೆ ಕಷ್ಟವಾದ ಕೆಲಸವೇನೂ ಅಲ್ಲ. ಮನೆಯಲ್ಲಿ ಮೂರು ನಾಲ್ಕು ಕಡೆ ನೀರಿಡಿರಿ, ಊಟದ ತಟ್ಟೆಗೂ ಮಲವಿಸರ್ಜನೆಯ ಸ್ಥಳಕ್ಕೂ ದೂರವಾಗಿ. ಉಪ್ಪು, ಈರುಳ್ಳಿ ಹಾಕದೆ ಮೀನು ಬೇಯಿಸಿದ ನೀರನ್ನು ಕುಡಿಯುವ ನೀರಿಗೆ ಸ್ವಲ್ಪ ಬೆರಸಿದರೆ ಅನೇಕ ಬೆಕ್ಕುಗಳು ಇಷ್ಟಪಡುತ್ತವೆ.

ಇದಕ್ಕೆ ವಿಪರೀತವಾದ ಮತ್ತೊಂದು ವ್ಯಾಧಿಯುಂಟು. ಬೆಕ್ಕು ಹಿಂದೆಂದಿಗಿಂತಲೂ ಹೆಚ್ಚಾಗಿ ತಿನ್ನುತ್ತದೆ, ಮನೆಯೆಲ್ಲಾ ಓಡಾಡುತ್ತದೆ, ಕಣ್ಣುಗಳು ಹೊಳೆಯುತ್ತವೆ. ನೋಡಿದವರು “ಇದಕ್ಕೆ ಮರಳಿ ಯೌವನ ಬಂದಿದೆ” ಎನ್ನುವರು. ಮೈಮಾತ್ರ ದಿನದಿನಕ್ಕೆ ಒಣಗುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ರಸವನ್ನು ಸುರಿಸುವದರಿಂದ ಹೀಗಾಗುವದು. ಬೆಕ್ಕುಗಳಲ್ಲಿ ಈ ರೋಗವನ್ನು ೧೯೭೯ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಮೊದಲಾಗಿ ವಿವರಿಸಿದರು. ದಿನವೂ ಕೊಡುವ ಮಾತ್ರೆಯಿಂದ ಇದನ್ನು ಅಡಗಿಸಬಹುದು; ಬಿಟ್ಟರೆ ಹೃದಯವು ಕೆಡುತ್ತದೆ. ಬಹಳ ನೀರು ಕುಡಿದು, ಬಹಳ ತಿಂದು, ಆದರೂ ಸೊರಗುವದು ಸಕ್ಕರೆಕಾಯಿಲೆಯ ಗುರುತೂ ಆಗಿರಬಹುದು. ಯಾವದೆಂಬದನ್ನು ರಕ್ತ ಮೂತ್ರಗಳ ಪರೀಕ್ಷೆಯೇ ಹೇಳಬೇಕು, ನೆರೆಮನೆಯವರಲ್ಲ.

ಸೊರಗುವದು ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಕಾಣುತ್ತದೆ. ಉದ್ದ ಕೂದಲಿನ ಬೆಕ್ಕಿನಲ್ಲಂತೂ ಎಲುಬು ಮುಟ್ಟುವ ತನಕ ಏನೂ ತಿಳಿಯದು. ತಿಂಗಳಿಗೆ ಒಂದು ಸಾರಿ, ಗೊತ್ತಾದ ತಾರೀಕಿನಲ್ಲಿ, ಅದನ್ನು ತೂಗಿ ಬರೆದಿಡಿರಿ. ಬುಟ್ಟಿಯಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬುಟ್ಟಿಯ ತೂಕವನ್ನು ಕಳೆಯಬಹುದು. ಅಂಗಡಿಯವರು ನಗುವರು, ನಗಲಿ. ನಾಲ್ಕು ಕಿಲೋಗ್ರಾಂ ತೂಗುವ ಬೆಕ್ಕು ೨೦೦ ಗ್ರಾಂ ಕಳೆದುಕೊಂಡಿತೆಂದರೆ ಅದು ಅರುವತ್ತು ಕಿಲೋ ತೂಗುವ ಹೆಂಗಸು ಮೂರು ಕಿಲೋ ಕಳೆದುಕೊಂಡದ್ದಕ್ಕೆ ಸಮ. ಮೂತ್ರಪಿಂಡದ ರೋಗಕ್ಕೀಡಾದ ಬೆಕ್ಕುಗಳು, ಆ ರೋಗವು ಪತ್ತೆಯಾಗುವದಕ್ಕೆ ಮೂರು ವರುಷ ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ತೂಕವನ್ನು ಕಳೆದುಕೊಳ್ಳುತ್ತಿದ್ದವೆಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಲೆಕ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಕಾಣೆ.

ಕೀಲುಗಳ ವಿಷಯದಲ್ಲಿ ಜನರ ಅಜ್ಞಾನವು ಹೆಚ್ಚು. ಹನ್ನೆರಡು ವರುಷಗಳನ್ನು ದಾಟಿದ ೧೦೦ ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಅಮೇರಿಕದ ವೈದ್ಯರು ಪರೀಕ್ಷಿಸಿ ೨೦೦೨ರಲ್ಲಿ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ೯೦ ಬೆಕ್ಕುಗಳ ಕೀಲುಗಳು ಸವೆದಿದ್ದವು. ನೂರರಲ್ಲಿ ತೊಂಬತ್ತು! ಆದರೂ ಕುಂಟುವ ಬೆಕ್ಕನ್ನು ನಾವು ಎಷ್ಟು ಮಂದಿ ನೋಡಿದ್ದೇವೆ? ಎರಡು ಪಕ್ಕಗಳೂ ಸಮವಾಗಿ ನೋಯುವದರಿಂದ ಅದು ಕುಂಟುವದಿಲ್ಲ. ಹಾರುವದನ್ನು ಬಿಡುತ್ತದೆ, ಅಷ್ಟೇ. ನಮ್ಮ ವಸತಿಗೃಹದ ಉಗ್ರಾಣದಲ್ಲಿ ಬಹುಕಾಲ ಇದ್ದ ಬೂದುಬಣ್ಣದ ಬೆಕ್ಕು ಮೊದಲು ನೆಲದಿಂದ ನೇರವಾಗಿ ಕಿಟಕಿಯ ಮೇಲಕ್ಕೆ ಹಾರುತ್ತಿತ್ತು. ಒಂದು ವರುಷ ಅಕ್ಕಿಮೂಟೆಯ ಮೇಲೆ ಹತ್ತಿ ಅಲ್ಲಿಂದ ಕಿಟಕಿಗೆ ಹಾರಿತು. ಮರುವರುಷ ಮೂಟೆಯ ಮೇಲೆ ಕುಳಿತು ಕಿಟಕಿಯನ್ನು ನೋಡುತ್ತಾ ಇರುತ್ತಿತ್ತು. ಇದನ್ನು ಗಮನಿಸಿ ಹೇಳಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ದಿನಾಲೂ ಉಗ್ರಾಣಕ್ಕೆ ಹೋಗಿಬರುವ ನಾವೆಲ್ಲರೂ ಅದು ಮೂಟೆಯನ್ನು ಮೆಚ್ಚಿಕೊಂಡಿದೆಯೆಂದು ಮಾತಾಡಿಕೊಳ್ಳುತ್ತಿದ್ದೆವು. ಬಡಗಿಯಿಂದ ಎರಡು ಮೆಟ್ಟಿಲಿನ ಒಂದು ಹಲಗೆಯನ್ನು ಮಾಡಿಸಿ ಇಟ್ಟ ಮಧ್ಯಾಹ್ನವೇ ಬೆಕ್ಕು ಕಿಟಕಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

ಮೆಟ್ಟಿಲು, ಮೆತ್ತನೆಯ ಹಾಸು, ಬೆಚ್ಚನೆಯ ಮೂಲೆ, ಇವೇ ಕೀಲುನೋವಿನ ಮನೆಮದ್ದು. ಮೊದಲು ಬಡತನವನ್ನು ಹೇಳಲು “ಒಲೆಯಲ್ಲಿ ಬೆಕ್ಕು ಮಲಗಿದೆ” ಎನ್ನುತ್ತಿದ್ದರು. ಈಗ ಗ್ಯಾಸಿನ ಒಲೆಗಳು ಬಂದ ಮೇಲೆ ಬಡವರ ಮನೆಯಲ್ಲಾಗಲಿ ಧನಿಕರ ಮನೆಯಲ್ಲಾಗಲಿ ಬೆಕ್ಕಿಗೆ ಬೂದಿಯ ಬಿಸುಪು ದೊರೆಯದು. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಒಂದು ಹಳೇ ಕಂಬಳಿಯನ್ನು ಗಾಳಿ ಬೀಸದ ಕಡೆ ಹಾಕಿಕೊಡಿರಿ. ಮಲವಿಸರ್ಜನೆಗೆ ಮರಳು ತುಂಬಿದ ತೊಟ್ಟಿಯಿದ್ದರೆ ಅದರ ಒಂದು ಪಕ್ಕವನ್ನು ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿರಿ. ಎತ್ತರದ ಅಂಚನ್ನು ದಾಟುವಾಗ ನೋಯುವದರಿಂದಲೇ ಅನೇಕ ಬೆಕ್ಕುಗಳು ಹೊರಗೆ ಗಲೀಜು ಮಾಡಿ ಪೆಟ್ಟು ತಿನ್ನುತ್ತವೆ.

ನೋವನ್ನು ಮುಖದಲ್ಲಿ ಓದುವ ಕ್ರಮವೊಂದನ್ನು ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ೨೦೧೯ರಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿ ನೋಡತಕ್ಕವು ಐದು: ಕಿವಿಗಳು ಒಂದರಿಂದೊಂದು ದೂರವಾಗಿ ಹೊರಕ್ಕೆ ತಿರುಗಿವೆಯೋ, ಕಣ್ಣುಗಳು ಕಿರಿದಾಗಿವೆಯೋ, ಮೂತಿಯು ಬಿಗಿದಿದೆಯೋ, ಮೀಸೆಗಳು ಬಾಗದೆ ನೆಟ್ಟಗೆ ಮುಂದಕ್ಕೆ ಚಾಚಿವೆಯೋ, ತಲೆಯು ಹೆಗಲಿಗಿಂತ ಕೆಳಗೆ ಜೋತಿದೆಯೋ. ಇಲ್ಲವೆಂದರೆ ಸೊನ್ನೆ, ಸ್ವಲ್ಪವೆಂದರೆ ಒಂದು, ಸ್ಪಷ್ಟವೆಂದರೆ ಎರಡು. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿನ ಮದ್ದು ಬೇಕಾಗಿರಬಹುದು, ವೈದ್ಯರ ಬಳಿಗೆ ಹೋಗತಕ್ಕದ್ದು. ಬೆಕ್ಕು ಎಚ್ಚತ್ತು ಸುಮ್ಮನೆ ಕುಳಿತಿರುವಾಗ ನೋಡಬೇಕು. ನಿದ್ರಿಸುವಾಗ, ತಿನ್ನುವಾಗ, ಮೈನೆಕ್ಕುವಾಗ ನೋಡಿದರೆ ಫಲವಿಲ್ಲ. ಇದು ಹೊಸದಾಗಿ ತಲೆದೋರಿದ ತೀವ್ರ ನೋವಿಗಾಗಿ ಮಾಡಿದ ಅಳತೆ. ವರುಷಗಟ್ಟಲೆ ಇರುವ ಕೀಲುನೋವನ್ನು ಮುಖಕ್ಕಿಂತ ಹಾರಾಟದಲ್ಲಿಯೇ ಓದಬೇಕು.

ಆಹಾರದ ಸಂಗತಿಯಲ್ಲಿ ನಮ್ಮವರ ಮೊದಲನೆಯ ನಂಬಿಕೆ ಹಾಲು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ ಕಥೆಯನ್ನು ಕೇಳಿ ನಗದವರಿಲ್ಲ. ಆದರೆ ನಿಜವನ್ನು ನೋಡಿದರೆ ಆ ಬೆಕ್ಕಿಗೆ ನಷ್ಟವೇನೂ ಆಗಲಿಲ್ಲ! ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ಹೆಚ್ಚಿನ ಬೆಕ್ಕುಗಳಲ್ಲಿ ಕುಂದುತ್ತದೆ, ಮುದಿ ಬೆಕ್ಕಿಗೆ ಭೇದಿಯಾದರೆ ಮೈಯ ನೀರು ಆರಿಹೋಗುತ್ತದೆ. ಬೆಕ್ಕು ಮಾಂಸದಿಂದಲೇ ಬದುಕಬೇಕಾದ ಪ್ರಾಣಿ. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಸತ್ವವನ್ನು ಅದರ ಶರೀರವು ಸಾಕಷ್ಟು ತಯಾರಿಸಲಾರದು. ಕ್ಯಾರೆಟ್ಟಿನ ಬಣ್ಣವನ್ನು ನಮ್ಮ ಶರೀರದಂತೆ ‘ಎ’ ಜೀವಸತ್ವವನ್ನಾಗಿ ಮಾರ್ಪಡಿಸಲೂ ಆರದು. ಟಾರಿನ್ನಿನ ಕೊರತೆಯಿಂದ ಬೆಕ್ಕುಗಳ ಹೃದಯವು ಹಿಗ್ಗಿ ಬಲಗುಂದುವದೆಂದು ೧೯೮೭ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು ತೋರಿಸಿಕೊಟ್ಟರು. ಮೊಸರನ್ನದಿಂದ ಹೊಟ್ಟೆ ತುಂಬುವದು, ಈ ಕೊರತೆ ತುಂಬುವದಿಲ್ಲ. ಮಾಂಸವನ್ನು ಬೇಯಿಸದ ಮನೆಗಳಲ್ಲಿ ಬೆಕ್ಕುಗಳಿಗೆಂದೇ ತಯಾರಿಸಿದ ಪೊಟ್ಟಣದ ಆಹಾರವನ್ನು ಕೊಳ್ಳುವದು ಯುಕ್ತ. ನಾಯಿಯ ಆಹಾರವು ಸಾಲದು. ಮೀನು ಮಾಂಸಗಳನ್ನು ಬೇಯಿಸುವವರು ಬೆಂದ ನೀರನ್ನು ಚೆಲ್ಲದೆ ಅದರೊಂದಿಗೇ ಕೊಡಬೇಕು, ಯಾಕಂದರೆ ಟಾರಿನ್ನು ಆ ನೀರಿಗೆ ಇಳಿದುಬರುತ್ತದೆ. ಸಾರಿನ ಪಾತ್ರೆಯಿಂದ ತೆಗೆದು ಹಾಕಬೇಡಿರಿ: ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಮುದಿ ಬೆಕ್ಕು ತಟ್ಟೆಯ ಬಳಿಗೆ ಆತುರದಿಂದ ಬಂದು, ಒಂದು ತುತ್ತು ಬಾಯಿಗಿಟ್ಟು, ತಲೆ ಕೊಡವಿ ಹಿಂದೆ ಸರಿದರೆ ಅದಕ್ಕೆ ಹಸಿವೆಯಿಲ್ಲವೆಂದಲ್ಲ. ಹಲ್ಲು ನೋಯುತ್ತಿದೆಯೆಂದು ಅರ್ಥ. ಆಹಾರವನ್ನು ನುಣ್ಣಗೆ ಹಿಸುಕಿ, ಬೆಚ್ಚಗೆ ಮಾಡಿ, ಅಲ್ಪ ಅಲ್ಪವಾಗಿ ಕೊಡಿರಿ. ಬೆಚ್ಚಗಾದರೆ ವಾಸನೆ ಏಳುತ್ತದೆ. ಮೂಗು ಮಂದವಾದ ಬೆಕ್ಕಿಗೆ ವಾಸನೆಯೇ ರುಚಿ. ಕೆಟ್ಟ ಹಲ್ಲನ್ನು ಕೀಳಿಸಿದ ಮೇಲೆ ಅದು ಮೊದಲಿಗಿಂತ ಚೆನ್ನಾಗಿಯೇ ತಿನ್ನುವದು. ಯಾವ ಕಾರಣದಿಂದಾದರೂ ಎರಡು ದಿನ ಏನನ್ನೂ ತಿನ್ನದಿದ್ದರೆ ಕಾಯಬಾರದು. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ, ಅದರಲ್ಲಿಯೂ ಸ್ಥೂಲವಾದ ಬೆಕ್ಕಿಗೆ.

ಈಗ ಹೇಳುವದನ್ನು ದಯಮಾಡಿ ಎರಡು ಸಾರಿ ಓದಿರಿ. ನೋಯುವ ಬೆಕ್ಕಿಗೆ ಮನುಷ್ಯರ ಮಾತ್ರೆಯನ್ನು ಕೊಡಲೇಬಾರದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್, ಅದು ಕ್ರೋಸಿನ್ ಎಂಬ ಹೆಸರಿನದಾಗಲಿ ಡೋಲೊ ಎಂಬ ಹೆಸರಿನದಾಗಲಿ, ಒಂದೇ ಮಾತ್ರೆಯಿಂದ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕತಕ್ಕ ಕಿಣ್ವವು ಬೆಕ್ಕಿನ ಯಕೃತ್ತಿನಲ್ಲಿ ಅತ್ಯಲ್ಪ. ವಿಷವು ರಕ್ತದಲ್ಲಿ ನಿಂತು, ಒಸಡುಗಳು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿಕೊಂಡು, ಉಸಿರು ಕಟ್ಟುವದು. ಕನಿಕರದಿಂದಲೇ ಕೊಟ್ಟದ್ದಾದರೂ ಫಲವು ಇದೇ. ಅದೇ ಪ್ರಕಾರ ನಾಯಿಗಳ ಚಿಗಟ ಉಣ್ಣಿಗಳಿಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಬಾರದು. ನೆಲ ತೊಳೆಯುವ ಫಿನಾಯಿಲು, ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆ, ಹೂದಾನಿಯ ಲಿಲ್ಲಿ ಹೂವು ಇವು ಮೂರೂ ಬೆಕ್ಕಿಗೆ ವಿಷ. ಲಿಲ್ಲಿಯ ಪರಾಗವು ಮೈಮೇಲೆ ಬಿದ್ದುದನ್ನು ನೆಕ್ಕಿಕೊಂಡರೂ ಮೂತ್ರಪಿಂಡಗಳು ನಿಂತುಹೋಗಬಹುದು. ಒದ್ದೆ ಫಿನಾಯಿಲಿನ ಮೇಲೆ ನಡೆದ ಬೆಕ್ಕು ಅಂಗಾಲನ್ನು ನೆಕ್ಕಿಕೊಳ್ಳುತ್ತದೆಂಬದನ್ನು ಗುಡಿಸಿ ಸಾರಿಸುವವರಿಗೂ ತಿಳಿಸಿರಿ.

ಉಗುರುಗಳ ವಿಷಯವು ಚಿಕ್ಕದು. ಮುದಿ ಬೆಕ್ಕು ಮರವನ್ನು ಗೀರುವದು ಕಡಮೆಯಾಗುವದರಿಂದ ಉಗುರುಗಳು ದಪ್ಪವಾಗಿ, ಸುತ್ತಿಕೊಂಡು, ಅಂಗಾಲಿನ ಮೆತ್ತೆಯನ್ನೇ ಹೊಗುತ್ತವೆ. ಮೂರು ವಾರಗಳಿಗೊಮ್ಮೆ ತುದಿಯನ್ನಷ್ಟೇ ಕತ್ತರಿಸಿರಿ. ಒಳಗೆ ಕಾಣುವ ಕೆಂಪು ಭಾಗವನ್ನು ಮುಟ್ಟಬಾರದು. ಬೆನ್ನಿನ ಕೆಳಭಾಗಕ್ಕೆ ನಾಲಿಗೆಯು ಎಟುಕದೆ ಕೂದಲು ಗಂಟುಕಟ್ಟಿದರೆ ಮೆತ್ತನೆಯ ಬಾಚಣಿಗೆಯಿಂದ ಬಿಡಿಸಿರಿ. ಗಂಟನ್ನು ಕತ್ತರಿಯಿಂದ ಕತ್ತರಿಸಹೋಗಬೇಡಿರಿ, ಮುದಿ ಬೆಕ್ಕಿನ ತೊಗಲು ಕಾಗದದಂತೆ ತೆಳ್ಳಗಿರುತ್ತದೆ.

ರಾತ್ರಿಯಲ್ಲಿ ಕೂಗುವ ಬೆಕ್ಕನ್ನು ಅಪಶಕುನವೆಂದು ಓಡಿಸುವವರಿದ್ದಾರೆ. ಹದಿನೈದು ವರುಷ ಕಳೆದ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟು, ನಮ್ಮ ಕೆಲವು ಅಜ್ಜ ಅಜ್ಜಿಯರ ಹಾಗೆ, ನೆನಪು ತಪ್ಪುತ್ತವೆ. ತಾನೆಲ್ಲಿದ್ದೇನೆಂದು ತಿಳಿಯದೆ ಕತ್ತಲೆಯಲ್ಲಿ ಕರೆಯುತ್ತವೆ. ಒಂದು ಸಣ್ಣ ದೀಪವನ್ನು ಉರಿಸಿಡುವದು, ತಟ್ಟೆ ಹಾಸಿಗೆಗಳ ಸ್ಥಳವನ್ನು ಬದಲಾಯಿಸದಿರುವದು, ಗೊತ್ತಾದ ಹೊತ್ತಿಗೆ ಊಟ, ಇಷ್ಟರಿಂದಲೇ ಬಹಳ ಸಮಾಧಾನವಾಗುತ್ತದೆ. ಆದರೆ ಕೂಗಿಗೆ ರಕ್ತದೊತ್ತಡವೂ ಕಾರಣವಾಗಬಹುದು. ಒತ್ತಡವು ಏರಿದರೆ ಕಣ್ಣಿನ ಅಕ್ಷಿಪಟವು ಕಳಚಿ ಬೆಕ್ಕು ಒಂದೇ ರಾತ್ರಿಯಲ್ಲಿ ಕುರುಡಾಗುತ್ತದೆ. ಗೋಡೆಗೆ ತಾಗುತ್ತದೆ, ಬೆಳಕಿನಲ್ಲಿಯೂ ಕಣ್ಣಿನ ಪಾಪೆಗಳು ಅಗಲವಾಗಿಯೇ ಇರುತ್ತವೆ. ಅದೇ ದಿನ ಚಿಕಿತ್ಸೆ ದೊರೆತರೆ ಕೆಲವು ಸಾರಿ ದೃಷ್ಟಿಯು ಉಳಿಯುವದುಂಟು.

ಹತ್ತು ವರುಷ ದಾಟಿದ ಬೆಕ್ಕನ್ನು ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸುವದು ಉತ್ತಮ. ಸರಕಾರದ ಪಶು ಆಸ್ಪತ್ರೆಗಳು ತಾಲ್ಲೂಕು ಕೇಂದ್ರಗಳಲ್ಲಿ ಉಂಟು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನ ಮೊದಲಾದ ಕಡೆಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. “ದನಗಳ ಆಸ್ಪತ್ರೆಗೆ ಬೆಕ್ಕನ್ನು ಒಯ್ಯುವದೇ?” ಎಂದು ನಾಚಬೇಡಿರಿ. ಚೀಲದಲ್ಲಿ ಒಯ್ಯದೆ, ಮುಚ್ಚಳವುಳ್ಳ ಬುಟ್ಟಿಯಲ್ಲಿ ಅದರ ಹಾಸನ್ನೇ ಹಾಕಿ ಒಯ್ಯಿರಿ. ಆ ಬುಟ್ಟಿಯು ಮನೆಯಲ್ಲಿ ಯಾವಾಗಲೂ ತೆರೆದೇ ಇದ್ದರೆ ಬೆಕ್ಕು ಅದಕ್ಕೆ ಹೆದರುವದಿಲ್ಲ. ತೂಕದ ಲೆಕ್ಕವನ್ನು ಜತೆಯಲ್ಲಿ ಒಯ್ದರೆ ವೈದ್ಯರ ಅರ್ಧ ಕೆಲಸವು ಮುಗಿದಂತೆ. ಮುದಿಯಾಯಿತೆಂದು ಹುಚ್ಚುನಾಯಿರೋಗದ ಚುಚ್ಚುಮದ್ದನ್ನು ನಿಲ್ಲಿಸಬಾರದು. ಅದು ಬೆಕ್ಕಿನ ರಕ್ಷಣೆ ಮಾತ್ರವಲ್ಲ, ಮನೆಯ ಮಕ್ಕಳ ರಕ್ಷಣೆಯೂ ಆಗಿದೆ. ನಿದ್ರಿಸುವ ಬೆಕ್ಕಿನ ಉಸಿರನ್ನು ಗಡಿಯಾರವಿಟ್ಟು ಎಣಿಸುವದನ್ನೂ ಕಲಿಯಿರಿ. ನಿಮಿಷಕ್ಕೆ ಮೂವತ್ತನ್ನು ಮೀರಿ ಹಾಗೆಯೇ ನಿಂತರೆ ಬೇಗನೆ ತೋರಿಸತಕ್ಕದ್ದು; ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಡಮಾಡದೆ ಆಗಲೇ.

ಎಷ್ಟು ಆರೈಕೆ ಮಾಡಿದರೂ ಒಂದು ದಿನ ಅದರ ಶಕ್ತಿಯು ತೀರುವದು. ತಿನ್ನುವದೂ ಮೈನೆಕ್ಕುವದೂ ನಿಂತು, ನೋವು ಮದ್ದಿಗೆ ಜಗ್ಗದೆ, ಕೆಟ್ಟ ದಿನಗಳು ಒಳ್ಳೆಯ ದಿನಗಳಿಗಿಂತ ಹೆಚ್ಚಾದಾಗ ವೈದ್ಯರು ನೋವಿಲ್ಲದ ಮರಣವನ್ನು ಕೊಡುವ ಮಾತನ್ನೆತ್ತಬಹುದು. ಇದು ಹಿರಿಯರು ವೈದ್ಯರೊಡನೆ ಕೂಡಿ ತೀರ್ಮಾನಿಸತಕ್ಕದ್ದು. ಆದರೆ ಅದು ಏನೆಂಬದನ್ನು ನೀವೂ ತಿಳಿದಿರಬೇಕು. ಮತ್ತು ಬರಿಸುವ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವು ಕ್ಷಣಗಳಲ್ಲಿ ಬೆಕ್ಕಿಗೆ ಎಚ್ಚರ ತಪ್ಪುತ್ತದೆ, ಬಳಿಕ ಉಸಿರೂ ಹೃದಯವೂ ನಿಲ್ಲುತ್ತವೆ. ಕಣ್ಣುಗಳು ಮುಚ್ಚಿಕೊಳ್ಳುವದಿಲ್ಲ, ಅದಕ್ಕೆ ಬೆದರಬಾರದು. ಆ ಹೊತ್ತಿನಲ್ಲಿ ಅದು ಬಲ್ಲ ಒಬ್ಬರ ಕೈ ಅದರ ಮೈಮೇಲೆ ಇರಲಿ.

ಮನೆಯ ಚಿಕ್ಕ ಮಕ್ಕಳಿಗೆ ಬೆಕ್ಕು ಎಲ್ಲಿಗೋ ಓಡಿಹೋಯಿತೆಂದು ಹೇಳಬೇಡಿರಿ. ಅವರು ಅದನ್ನು ನಂಬಿ, ರಾತ್ರಿ ಬಾಗಿಲ ಬಳಿ ತಟ್ಟೆಯಲ್ಲಿ ಅನ್ನವನ್ನಿಟ್ಟು ಬಹುದಿನ ಕಾಯುವರು. ಸತ್ತಿತೆಂದೇ ಹೇಳಿರಿ, ಹಿತ್ತಿಲಿನಲ್ಲಿ ಮೂರು ಅಡಿ ಆಳಕ್ಕೆ ಅಗೆಯುವಾಗ ಅವರನ್ನೂ ಕರೆಯಿರಿ.